ಮುಚ್ಚಳ ಡೆಸ್‌ನ ಕೆಲಸ

ಆ ಡಬ್ಬಿಯ ಮುಚ್ಚಳ ಕಂಡುಹಿಡಿದ ಪುಣ್ಯಾತ್ಮ ಯಾರೋ ಏನೋ, ಮನುಷ್ಯರ ಮೇಲೆ ಅವನಿಗೆ ಅದೇನು ಸಿಟ್ಟಿತ್ತೋ! ಊಟದ ತಟ್ಟೆಯಷ್ಟು ಅಗಲದ ತವರದ ಡಬ್ಬಿ. ಒಳಗೆ ಗ್ರೇವಿಯಲ್ಲಿ ಮುಳುಗಿದ ಮಾಂಸ, ಅದರ ಮೇಲೆ ಹಸಿ ಹಿಟ್ಟಿನ ಬಿಳೀ ಹೊದಿಕೆ. ಮುಚ್ಚಳ ಕತ್ತರಿಸಿ ತೆಗೆದು ಓವನ್ನಿನಲ್ಲಿಟ್ಟರೆ ಆ ಹಿಟ್ಟು ಉಬ್ಬಿ, ಕೆಂಪಗಾಗಿ, ಮನೆಯೆಲ್ಲ ಘಮ್ಮೆನ್ನುವ ಪೈ ಆಗುತ್ತದೆ. ಆದರೆ ಮೊದಲು ಮುಚ್ಚಳ ಬರಬೇಕಲ್ಲ! ಓಪನರ್ ಜಾರುತ್ತದೆ, ಅಂಚು ಸೊಟ್ಟಗಾಗುತ್ತದೆ, ಬೆರಳು ಕುಯ್ದುಹೋಗುತ್ತದೆ. ಇಂಗ್ಲೆಂಡಿನ ಬಂದರು ಊರು ಗ್ರಿಮ್ಸ್‌ಬಿಯ ಅರ್ಧ ಜನ ಆ ಡಬ್ಬಿಗೆ ಹಿಡಿಶಾಪ ಹಾಕುತ್ತಲೇ ದೊಡ್ಡವರಾದವರು. ಶಾಪ ಹಾಕಿದ ಮೇಲೆ ಚಪ್ಪರಿಸಿಕೊಂಡು ತಿಂದವರೂ ಅವರೇ.

ಬೆರಿಲ್‌ಳ ಮನೆಯಲ್ಲಿ ಮಾತ್ರ ಆ ತಾಪತ್ರಯ ಇರಲಿಲ್ಲ. ಅಲ್ಲಿ ಮುಚ್ಚಳ ಅವಳ ಗಂಡ ಡೆಸ್‌ನ ಕೆಲಸ. ಮೀನಿನ ಹಡಗುಗಳಲ್ಲಿ ಹಗ್ಗ ಎಳೆದೆಳೆದು ಕಲ್ಲಾದ ಕೈ ಅವನದು. ಶನಿವಾರ ಫುಟ್‌ಬಾಲ್ ನೋಡಿ, ಊರಿನ ತಂಡ ಸೋತದ್ದಕ್ಕೆ ಬೈದುಕೊಳ್ಳುತ್ತಾ ಬಂದವನು ನೇರ ಅಡುಗೆಮನೆಗೆ ಹೋಗುತ್ತಿದ್ದ. ಮೊದಲು ಹೆಬ್ಬೆರಳನ್ನು ಡಬ್ಬಿಯ ಅಂಚಿನ ಸುತ್ತ ಆಡಿಸಬೇಕು.

"ಗಾಳಿ ಹೊಕ್ಕ ಡಬ್ಬಿ ಅಂದ್ರೆ ವಿಷ ಕಣೇ," ಎನ್ನುತ್ತಿದ್ದ. "ಹಡಗಲ್ಲಿ ಅಂಥದ್ದು ತಿಂದು ಒಬ್ಬ ಸತ್ತೇ ಹೋದ. ಅಂಚಲ್ಲಿ ಕೂದಲಷ್ಟು ಬಿರುಕಿದ್ರೂ ಸಮುದ್ರಕ್ಕೆ ಎಸೀತಿದ್ವಿ."

"ಇದು ಅಂಗಡಿಯಿಂದ ಈಗ ತಂದಿದ್ದು ಮಾರಾಯ. ಎಸೆಯೋಕೆ ಅಡುಗೆಮನೇಲಿ ಸಮುದ್ರನೂ ಇಲ್ಲ."

"ಕಸದ ಬುಟ್ಟಿ ಇದೆಯಲ್ಲ!"

ಆಮೇಲೆ ಓಪನರ್ ಒಂದೇ ಸುತ್ತು, ಮುಚ್ಚಳ ಇಡಿಯಾಗಿ ಕೈಗೆ. ಪೈ ಬೆಂದ ಮೇಲೆ ಗರಿಗರಿಯಾದ ಅಂಚು ಬೆರಿಲ್‌ಗೆ, ಗ್ರೇವಿ ಹೀರಿ ಮೆತ್ತಗಾದ ನಡುಭಾಗ ಅವನಿಗೆ, ಪಕ್ಕದಲ್ಲಿ ಒಂದಿಷ್ಟು ಬಟಾಣಿ. ಬಂದರಿನಲ್ಲಿ ಕೆಲಸ ನಿಂತುಹೋದ ವರ್ಷಗಳಲ್ಲಿ ಹೊಟ್ಟೆ ತುಂಬಿಸಿದ್ದು ಅದೇ ಅಗ್ಗದ ಪೈ. ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೂ ಅವರು ಅದನ್ನು ಬಿಡಲಿಲ್ಲ.

ಈಗ ಡೆಸ್‌ಗೆ ಮರೆವಿನ ಕಾಯಿಲೆ. ಒಂದು ದಿನ ಸರಿ ಇದ್ದರೆ ಇನ್ನೊಂದು ದಿನ ಚಪ್ಪಲಿಯನ್ನು ಫ್ರಿಜ್ಜಿನಲ್ಲಿ ಇಡುತ್ತಾನೆ. ಅಷ್ಟನ್ನಾದರೂ ಬೆರಿಲ್ ಹೇಗೋ ನಿಭಾಯಿಸುತ್ತಿದ್ದಳು; ಆದರೆ ಅವಳ ಸೊಂಟದ ಕೀಲು ಸವೆದುಹೋಗಿ, ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅವಳು ಆಸ್ಪತ್ರೆ ಸೇರಿದರೆ ಇವನ ಗತಿ? ವಯಸ್ಸಾದವರ ಆರೈಕೆ ನೋಡಿಕೊಳ್ಳುವ ಊರಿನ ಕೌನ್ಸಿಲ್‌ನವರು ಹೇಳಿದ್ದು ಇಷ್ಟು: ನಮ್ಮ ಹುಡುಗಿ ಮನೆಗೆ ಬರುತ್ತಾಳೆ, ಡೆಸ್ ತಮ್ಮ ಊಟ ತಾವೇ ಮಾಡಿಕೊಳ್ಳುವುದನ್ನು ನೋಡುತ್ತಾಳೆ. ಮಾಡಿಕೊಂಡರೆ ಮನೆಯಲ್ಲೇ ಇರಲಿ, ಬೆಳಿಗ್ಗೆ ಸಂಜೆ ಒಬ್ಬರು ಬಂದು ಹೋಗುತ್ತಾರೆ. ಇಲ್ಲದಿದ್ದರೆ ವೃದ್ಧರ ಆರೈಕೆ ಮನೆ. 'ಸ್ವಲ್ಪ ದಿನದ ಮಟ್ಟಿಗೆ' ಎಂದು ಅಲ್ಲಿಗೆ ಹೋದ ಪಕ್ಕದ ಮನೆಯ ಕ್ಲಿಫರ್ಡ್ ಮತ್ತೆ ಈ ಬೀದಿಗೆ ಬಂದದ್ದು ಶವದ ಗಾಡಿಯಲ್ಲಿ.

"ಡೆಸ್ ಪೈ ಮಾಡ್ತಾನೆ," ಎಂದು ಬೆರಿಲ್ ಫೋನಿನಲ್ಲಿ ಎದೆ ತಟ್ಟಿ ಹೇಳಿದ್ದಳು. "ನಿದ್ದೆಗಣ್ಣಲ್ಲೂ ಮಾಡ್ತಾನೆ."

ಆದರೆ ಹಿಂದಿನ ದಿನ ಸಂಜೆ ಅವನು ಓಪನರ್ ತಲೆಕೆಳಗಾಗಿ ಹಿಡಿದು, ಇದೇನಪ್ಪಾ ಎಂದು ನೋಡುತ್ತಾ ನಿಂತದ್ದನ್ನು ಕಂಡಳು. ಅವನು ಸ್ನಾನಕ್ಕೆ ಹೋದಾಗ ಡಬ್ಬಿ ಹೊರತೆಗೆದು, ಅಂಚಿನ ಮುಕ್ಕಾಲು ಭಾಗ ತಾನೇ ಕತ್ತರಿಸಿ, ಮುಚ್ಚಳವನ್ನು ಮೊದಲಿನಂತೆ ಒತ್ತಿ ಫ್ರಿಜ್ಜಿನಲ್ಲಿಟ್ಟಳು. ಬೆಳಿಗ್ಗೆ ಮೇಜಿನ ಮೇಲೆ ಇಟ್ಟಳು. ಇನ್ನು ಒಂದಿಷ್ಟು ತಿರುಗಿಸಿದರೆ ಸಾಕು. ಮೋಸವೇ ಸರಿ, ಆದರೆ ಯಾರಿಗಾಗಿ ಮಾಡಿದ ಮೋಸ ಅದು!

ಟ್ಯಾಮ್ಸಿನ್ ಎಂಬ ಆ ಹುಡುಗಿ ಬಂದಳು. ಒಳ್ಳೆಯವಳೇ, ಒದ್ದೆ ಬೂಟು ಬಾಗಿಲಲ್ಲೇ ಬಿಟ್ಟಳು. "ನೀವು ಏನೂ ಹೇಳಿಕೊಡಬಾರದು ಬೆರಿಲ್," ಎಂದಳು. ಬೆರಿಲ್ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ತುಟಿ ಕಚ್ಚಿ ಕೂತಳು.

ಡೆಸ್ ಗ್ಯಾಸ್ ಓವನ್ ಹಚ್ಚಿದ. ತಾನೇ ಹಚ್ಚಿದ, ಸರಿಯಾಗಿ ಹಚ್ಚಿದ! ಬೆರಿಲ್‌ಗೆ ಎದ್ದು ಕುಣಿಯುವಷ್ಟಾಯಿತು. ಅವನು ಡಬ್ಬಿ ಕೈಗೆತ್ತಿಕೊಂಡ. ಹೆಬ್ಬೆರಳು ಅಂಚಿನ ಸುತ್ತ ಹೊರಟಿತು.

ಅಯ್ಯೋ ಹೆಬ್ಬೆರಳೇ! ಅದೊಂದನ್ನು ಅವಳು ಮರೆತೇಬಿಟ್ಟಿದ್ದಳು. ಮರೆವಿನ ಕಾಯಿಲೆ ಅವನಿಗೆ, ಮರೆತದ್ದು ಇವಳು.

ಬೆರಳು ಕತ್ತರಿಸಿದ ಜಾಗಕ್ಕೆ ಬಂದು ನಿಂತಿತು. ಡೆಸ್ ಮುಖ ಕಿವಿಚಿದ. ಮಾತಿಲ್ಲ, ಕತೆಯಿಲ್ಲ, ಡಬ್ಬಿ ಧಡಾರನೆ ಕಸದ ಬುಟ್ಟಿಗೆ ಬಿತ್ತು. ಆಮೇಲೆ ಕೈ ತೊಳೆದು, ಒರೆಸಿಕೊಂಡು, ಉರಿಯುತ್ತಿದ್ದ ಓವನ್ನಿನ ಎದುರು ತುಸು ಹೊತ್ತು ನಿಂತ. ಮುಂದಿನದು ಏನೆಂದು ಅವನಿಗೆ ತೋಚಲಿಲ್ಲ. ಬಂದು ಕುರ್ಚಿಯಲ್ಲಿ ಕೂತ.

"ಓವನ್ನಿನಲ್ಲಿ ಏನಿದೆ ಡೆಸ್?" ಟ್ಯಾಮ್ಸಿನ್ ಮೆಲ್ಲಗೆ ಕೇಳಿದಳು.

"ಪೈ. ಇನ್ನೇನು ಆಗುತ್ತೆ. ನಿನಗೂ ಒಂದು ತುಂಡು ಕೊಡ್ತೀನಿ, ಬಡಕಲಾಗಿದ್ದೀಯ."

ಅವಳು ಓವನ್ನಿನ ಬಾಗಿಲು ತೆಗೆದು ನೋಡಿ, ಗ್ಯಾಸ್ ಆರಿಸಿದಳು.

ಬೆರಿಲ್‌ಗೆ ತಡೆಯಲಾಗಲಿಲ್ಲ. "ಅದು ನನ್ನ ತಪ್ಪಮ್ಮ! ನಿನ್ನೆ ನಾನೇ ಅಂಚು ಕತ್ತರಿಸಿಟ್ಟಿದ್ದೆ. ಗಾಳಿ ಹೊಕ್ಕಿದೆ, ಕೆಟ್ಟಿದೆ ಅಂತ ಎಸೆದ. ಅವನ ಲೆಕ್ಕದಲ್ಲಿ ಅವನು ಮಾಡಿದ್ದು ಸರಿ!"

ಟ್ಯಾಮ್ಸಿನ್ ಅವಳ ಪಕ್ಕದಲ್ಲಿ ಮೊಣಕಾಲೂರಿ ಕೂತು ಕೈ ಹಿಡಿದಳು. "ಅವರಿಗೆ ತೆಗೆಯೋಕೆ ಆಗಲ್ಲ ಅಂತ ನಿಮಗೂ ಅನ್ನಿಸಿತ್ತು, ಅಲ್ವಾ ಬೆರಿಲ್?"

ಹೌದೆಂದರೂ ಮುಗಿಯಿತು, ಅಲ್ಲವೆಂದರೂ ಮುಗಿಯಿತು. ಅವನನ್ನು ಉಳಿಸಿಕೊಳ್ಳಲು ಹೋಗಿ ತಾನೇ ಕಳೆದುಕೊಂಡಳು ಬೆರಿಲ್. ಆಪರೇಷನ್ ಮುಂದಿನ ವಾರ, ಆರೈಕೆ ಮನೆಯಲ್ಲಿ ಶುಕ್ರವಾರದಿಂದಲೇ ಒಂದು ಜಾಗ ಖಾಲಿ ಇದೆ, ಡೆಸ್‌ನನ್ನು ಅಂದೇ ಕರೆದುಕೊಂಡು ಹೋಗುವುದು ಒಳ್ಳೆಯದು ಎಂದು ಹೇಳಿ ಹುಡುಗಿ ಹೊರಟಳು. ಹೋಗುವಾಗ ಅವಳ ಕಣ್ಣೂ ಒದ್ದೆಯಾಗಿತ್ತು. ಅದರಿಂದೇನು ಬಂತು?

ಕಾರಿನ ಸದ್ದು ಬೀದಿಯ ತಿರುವಿನಲ್ಲಿ ಅಡಗಿದ ಮೇಲೆ ಡೆಸ್ ಕೇಳಿದ: "ಹೊಟ್ಟೆ ಹಸೀತಿದೆ ಚಿನ್ನ. ಪೈ ಎಲ್ಲಿ?"

ಬೆರಿಲ್ ಕಪಾಟಿನಿಂದ ಇನ್ನೊಂದು ಡಬ್ಬಿ ತೆಗೆದು, ಓಪನರ್ ಜೊತೆ ಅವನ ಮುಂದಿಟ್ಟಳು. ಹೆಬ್ಬೆರಳು ಒಂದು ಸುತ್ತು ಹೋಗಿ ಬಂತು. ಡೆಸ್ ತಲೆಯಾಡಿಸಿದ. ಓಪನರನ್ನು ಒಮ್ಮೆ ತಲೆಕೆಳಗು ಹಿಡಿದ, ತಾನೇ ತಿರುಗಿಸಿಕೊಂಡ, ಅಂಚಿಗೆ ಕಚ್ಚಿಸಿದ. ಒಂದೇ ಸುತ್ತು. ಮುಚ್ಚಳ ಇಡಿಯಾಗಿ ಕೈಗೆ ಬಂತು.

ಬೆರಿಲ್ ಫೋನಿನ ಕಡೆ ನೋಡಿದಳು. ಆಗುತ್ತಮ್ಮ, ಅವನ ಕೈಲಿ ಆಗುತ್ತೆ ಎಂದರೆ ಈಗ ಯಾರು ನಂಬುತ್ತಾರೆ? ಒಮ್ಮೆ ಮೋಸ ಮಾಡಿದವಳ ಮಾತು. ಓವನ್ ಹಚ್ಚಿ ಪೈ ಒಳಗಿಟ್ಟು, ಗಾಜಿನ ಬಾಗಿಲಾಚೆ ಬಿಳೀ ಹಿಟ್ಟು ಉಬ್ಬಿ ಏಳುವುದನ್ನು ಇಬ್ಬರೂ ಪಕ್ಕಪಕ್ಕ ನಿಂತು ನೋಡಿದರು.

ಡೆಸ್ ಗರಿಗರಿ ಅಂಚನ್ನೆಲ್ಲ ಕತ್ತರಿಸಿ ಅವಳ ತಟ್ಟೆಗೆ ಹಾಕಿದ. ನಡುಭಾಗ ತಾನು ಹಾಕಿಕೊಂಡು, ಬಿಸಿಗೆ ಉಫ್ ಉಫ್ ಎನ್ನುತ್ತಾ ತಿಂದ. ಬೆರಿಲ್ ತೋಳಿಗೆ ಕಣ್ಣೊರೆಸಿಕೊಂಡಳು.

"ಯಾಕೇ ಅಳ್ತೀಯ? ಸುಟ್ಟಿದೆಯಾ?"

"ಇಲ್ಲ ಕಣೋ. ಚೆನ್ನಾಗಿದೆ."

"ಶನಿವಾರಕ್ಕೆ ಇನ್ನೊಂದು ಡಬ್ಬಿ ಇದೆಯೇನೇ?"

"ಇದೆ," ಎಂದಳು ಬೆರಿಲ್. "ಮುಚ್ಚಳ ನಾನು ಮುಟ್ಟಲ್ಲ."