ಮೀನಿಗಿಟ್ಟ ಎಡೆ

ಹಿರಿಯರ ಹಬ್ಬದ ಎಡೆಯಲ್ಲಿ ಒಂದು ಪಾಲು ನೀರಿಗೆ ಬಿಡುವುದು ಮುನಿನಾರಾಯಣಪ್ಪನವರ ಮನೆಯ ಪದ್ಧತಿ. ಕೆ.ಆರ್. ಪುರದ ಮಗ್ಗುಲಿನ ಅವರೂರ ಕೆರೆಗೆ ಈಗ ಬೇಲಿ ಬಿದ್ದಿದೆ. ಬೇಲಿ ಇಲ್ಲದಿದ್ದರೂ ಆ ಕೊಳಚೆ ನೊರೆಗೆ ಅಪ್ಪನ ಪಾಲು ಬಿಡಲು ಯಾರಿಗೆ ಮನಸ್ಸಾದೀತು?

ಹಿತ್ತಿಲಲ್ಲಿ ಸೊಸೆ ಸುಕನ್ಯಳ ಮೀನಿನ ತೊಟ್ಟಿ ಇತ್ತು. ಮೀನಿನ ನೀರು ಸೊಪ್ಪಿನ ಮಡಿಗೆ, ಮಡಿಯಲ್ಲಿ ಸೋಸಿದ ನೀರು ಮತ್ತೆ ಮೀನಿಗೆ. ಒಂದು ಹನಿಯೂ ಪೋಲಾಗದು. ಯಾವ ಹಿರಿಯರಿಗೂ ಕಮ್ಮಿಯಾಗದಿರಲೆಂದು ಹಬ್ಬದ ರಾತ್ರಿ ಯಜಮಾನ ಮುನಿನಾರಾಯಣಪ್ಪನವರು ಅನ್ನ, ಮಟನ್ ಸಾರು, ವಡೆ, ಕಜ್ಜಾಯ ಎಲ್ಲ ಕಿವುಚಿ ಒಂದು ಪಾತ್ರೆ ಪೂರ್ತಿ ಆ ತೊಟ್ಟಿಗೆ ಸುರಿದರು. ಮೀನುಗಳು ಮುಗಿಬಿದ್ದಾಗ ಅಪ್ಪನೇ ಬಂದು ಉಂಡಷ್ಟು ಸಂತೋಷವಾಯಿತು.

ಬೆಳಿಗ್ಗೆ ನೋಡಿದರೆ ನೀರಿನ ಮೇಲೆ ಜಿಡ್ಡು ಕಟ್ಟಿತ್ತು. ತೊಟ್ಟಿಯ ತುಂಬ ಸತ್ತ ಮೀನು. ಅವನ್ನು ತೆಗೆಯಲು ಸುಕನ್ಯ ಹಾಕಿದ ಜಾಲರಿಗೆ ಅನ್ನದ ಅಗುಳು ಹತ್ತಿತು.

ತೊಟ್ಟಿ ನೋಡಿಕೊಳ್ಳುತ್ತಿದ್ದವಳು ಶೇಷಮ್ಮ. ರಾಯಚೂರಿನ ಕಡೆಯವಳು, ಗಂಡ ಸತ್ತವಳು. ಆ ಕೆಲಸಕ್ಕಾಗಿಯೇ ಹಿತ್ತಿಲ ರೂಮು ಕೊಟ್ಟಿದ್ದರು.

"ಶೇಷಮ್ಮ, ನೀವೇನಾದ್ರೂ ಅನ್ನ ಹಾಕಿದ್ರಾ?" ಸುಕನ್ಯ ಕೇಳಿದಳು.

"ಹೌದ್ರಿ ಅಕ್ಕಾರ. ತಪ್ಪಾತ್ರಿ."

"ಎಷ್ಟ್ ಸಲ ಹೇಳಿದೀನಿ ನಿಮ್ಗೆ. ಬೇರೆ ಕಡೆ ರೂಮ್ ನೋಡ್ಕೊಳ್ಳಿ."

ಯಜಮಾನರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ತಾವು ಸುರಿದಿದ್ದನ್ನು ಈಕೆ ನೋಡಿದ್ದಾಳೆ, ತಮ್ಮ ಮಾನ ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡರು. ನಾಚಿಕೆಯಾಯಿತು. ಹಾಳು ಮನಸ್ಸಿಗೆ ಅದರ ಜೊತೆಯಲ್ಲೇ ನೆಮ್ಮದಿಯೂ ಆಯಿತು. ಊರಿಗೆಲ್ಲ ನ್ಯಾಯ ಹೇಳಿದ ಬಾಯಿ ಅದು, ಮಧ್ಯಾಹ್ನದವರೆಗೂ ತೆರೆಯಲಿಲ್ಲ.

ಆಮೇಲೆ ತಡೆಯಲಾರದೆ ಅವಳ ರೂಮಿನ ಹತ್ತಿರ ಹೋದರು. ಶೇಷಮ್ಮ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ಯಾಕಮ್ಮ ಒಪ್ಕೊಂಡೆ?"

"ಮಾಡಿದ್ದು ನಾನ ಅಲ್ಲೇನ್ರಿ?" ಅಂದಳು. "ನಮ್ಮ ಮನಿಯವ್ರ ಹೆಸರ್ಲೆ ಒಂದ್ ಹಿಡಿ ಅನ್ನ ಬಿಟ್ಟಿದ್ನಿರಿ. ಇಲ್ಲಿ ನನಗ ಬ್ಯಾರೆ ನೀರು ಎಲ್ಲೈತ್ರಿ?"

ಅವಳು ಏನನ್ನೂ ನೋಡಿರಲಿಲ್ಲ. ಯಜಮಾನರು ಸುಮ್ಮನೆ ಹಿಂತಿರುಗಿದ್ದರೆ ಯಾರಿಗೂ ಎಂದೂ ಗೊತ್ತಾಗುತ್ತಿರಲಿಲ್ಲ.

ಶೇಷಮ್ಮ ಕಣ್ಣೊರೆಸಿಕೊಂಡಳು. "ಒಂದ್ ಹಿಡಿ ಅನ್ನಕ್ಕ ಅಷ್ಟು ಜೀವ ಹೋಗ್ತಾವೇನ್ರಿ ಯಜಮಾನ್ರ? ಸತ್ತವ್ರಿಗೆ ಉಣ್ಣಾಕ ಇಟ್ಟು ನಾನ ಪಾಪ ಕಟ್ಕೊಂಡೆ."

"ಚೀಲದಿಂದ ಪಾತ್ರೆ ತೆಗೆದಿಡಮ್ಮ," ಎಂದರು ಮುನಿನಾರಾಯಣಪ್ಪ. ಅಲ್ಲಿಂದಲೇ, ಬೀದಿಗೆಲ್ಲ ಕೇಳುವ ಹಾಗೆ ಸೊಸೆಯನ್ನು ಕೂಗಿದರು. "ಸುಕನ್ಯಾ, ಬಾ ಇಲ್ಲಿ. ಮೀನು ಕೊಂದೋನು ನಾನು."