ತಳದ ಅನ್ನ

ಕರ್ ಕರ್ ಎಂದು ಸಟ್ಟುಗ ತಳ ಕೆರೆಯುವ ಸದ್ದು, ಹಾಗಾದರೆ ಅನ್ನ ಮುಗಿಯುತ್ತ ಬಂತು, ಎರಡನೆಯ ಪಂಕ್ತಿಗೆ ಯಾವಾಗಲೂ ಇದೇ ಹಣೆಬರಹ, ಎಂದುಕೊಂಡಳು ಸುಬ್ಬಲಕ್ಷ್ಮಿ, ಬಾಳೆಲೆಯ ಮುಂದೆ ಕೂತು, ತೊಡೆಯ ಮೇಲೆ ತಂಗಿ ನೀಲಾಳ ನೋಟುಪುಸ್ತಕ ಇಟ್ಟುಕೊಂಡು — ಒಡಹುಟ್ಟಿದ ತಂಗಿಯ ವೈಕುಂಠ ಸಮಾರಾಧನೆಯ ದಿನ ಅನ್ನ ಸಾಲುತ್ತದೋ ಇಲ್ಲವೋ ಎಂದು ನೋಡುವ ಇದೆಂಥ ಹಾಳು ತಲೆ ತನ್ನದು. ಯಲ್ಲಾಪುರದ ಈ ಸಭಾಭವನದ ಫ್ಯಾನು ಬರೀ ಸದ್ದು ಮಾಡುತ್ತದೆ, ಸೆಕೆ, ಕೋಸಂಬರಿ ಅರವತ್ತು, ಪಲ್ಯ ಎಂಬತ್ತು, ಹೋಳಿಗೆ ಒಂದಕ್ಕೆ ಇನ್ನೂರೈವತ್ತು, ಮೇಲೆ ತುಪ್ಪ ಬಿದ್ದರೆ ಮತ್ತೆ ತೊಂಬತ್ತು, ಅಯ್ಯೋ, ಸಾಕು ಮಾಡೇ, ಇನ್ಯಾರಿಗೆ ಈ ಕ್ಯಾಲರಿ ಲೆಕ್ಕ, ಬರೆದುಕೊಳ್ಳುವವಳೇ ಹೋದಳು. ಇನ್ನೊಂದು ಹೋಳಿಗೆ ಹಾಕ್ತೆ ಅಕ್ಕ, ಬ್ಯಾಡ ಹೇಳಡ, ಅತ್ತಿಗೆ ಹೆಸರಲ್ಲಿ ಒಂದು, ಎನ್ನುತ್ತ ನೀಲಾಳ ಮೈದುನ ಸುಜಯ ಹಾಕಿಯೇಬಿಟ್ಟ, ಹೋಳಿಗೆಯದೇ ಐನೂರು ಆಯಿತು.

ಹದಿನಾಲ್ಕು ನೂರು. ಆ ಸಂಖ್ಯೆ ಸಾಯುವ ತನಕ ಮರೆಯಲಾರಳು. ನೀಲಾಳ ಲಿವರ್ ಪೂರ್ತಿ ಕೆಟ್ಟಿತ್ತು, ಗಂಡನ ರಕ್ತದ ಗುಂಪು ಹೊಂದಲಿಲ್ಲ, ಮಗಳು ಸಂಹಿತಾಗೆ ಇನ್ನೂ ಹದಿನಾಲ್ಕು, ಉಳಿದವಳು ಅಕ್ಕ ಒಬ್ಬಳೇ, ಹೊಂದಿತು, ಎಲ್ಲ ಹೊಂದಿತು, ಕೊನೆಗೆ ಡಾಕ್ಟರು ನಿಮ್ಮ ಲಿವರಿನಲ್ಲಿ ಕೊಬ್ಬು ತುಂಬಿದೆಯಮ್ಮ, ಎಂಟು ಕಿಲೋ ಇಳಿಸಿ ಬನ್ನಿ, ಆಮೇಲೆ ಒಂದು ತುಂಡು ಕೊಯ್ದು ತಂಗಿಗೆ ಕೊಡೋಣ ಎಂದರು. ಎಂಟು ಕಿಲೋ ತಾನೇ, ನಾಳೆಯಿಂದ ಬರೀ ನೀರು ಕುಡಿದು ಇರ್ತೆ ಎಂದಿದ್ದಳು, ಏಕಾದಶಿ ಮಾಡಿ ರೂಢಿಯಿದ್ದ ದೇಹ, ಅದಕ್ಕೆ ಊಟದ ವಿಷಯ ಹೇಳುವ ಆ ಹುಬ್ಬಳ್ಳಿ ಕಡೆಯ ಮೇಡಂ ಗದರಿದ್ದರು — ಉಪಾಸ ಬಿದ್ರ ಲಿವರ್ ಮತ್ತಷ್ಟು ಕೆಡ್ತದ್ರಿ, ದಿನಕ್ಕ ಹದಿನಾಲ್ಕು ನೂರು ಕ್ಯಾಲರಿ ತಿನ್ರಿ, ಹೆಚ್ಚೂ ಬ್ಯಾಡ ಕಡಿಮಿನೂ ಬ್ಯಾಡ, ವಾರಕ್ಕ ಮುಕ್ಕಾಲು ಕಿಲೋ ಇಳಿತದ, ಹನ್ನೊಂದು ವಾರ. ಹನ್ನೊಂದು ವಾರ ತಡೆಯುತ್ತಾಳಾ ನೀಲಾ, ಎಂದು ಕೇಳುವ ಧೈರ್ಯವಾಗಲಿಲ್ಲ. ವಾಪಸು ಬರುವಾಗ ನೀಲಾಳೇ ನಕ್ಕಿದ್ದು, ಹಳದಿ ಕಣ್ಣಲ್ಲಿ — ಅಕ್ಕ, ನೀ ದಿನಾ ಐದು ಗಂಟೆಗೆ ಫೋನ್ ಮಾಡಿ ತಿಂದಿದ್ದು ಹೇಳು, ಆನು ಬರ್ಕತ್ತೆ, ನಿನ್ನ ಅಕ್ಷರ ನಿಂಗೇ ತಿಳಿತಿಲ್ಲೆ. ಹೌದು, ಹಾಗೇ ಶುರುವಾಯಿತು, ಶಿರಸಿಯಿಂದ ಇವಳು ಹೇಳುವುದು, ಯಲ್ಲಾಪುರದಲ್ಲಿ ಅವಳು ಬರೆಯುವುದು, ದೋಸೆ ಎರಡು, ಚಟ್ನಿ ಎರಡು ಚಮಚ, ಮಧ್ಯಾಹ್ನ ಅನ್ನ ಒಂದು ಬಟ್ಟಲು, ತಂಬುಳಿ, ರಾತ್ರಿಗೆ ಗಂಜಿ ಮಾಡ್ಕತ್ತೆ, ಒಟ್ಟು ಸರೀ ಹದಿನಾಲ್ಕು ನೂರು ನೋಡೇ ಅಕ್ಕ, ಶಾಣ್ಯಾ ಇದ್ದೆ ನೀನು.

ಶಾಣ್ಯಾ ಅಂತೆ! ಬಸ್‌ಸ್ಟ್ಯಾಂಡಿನ ಹತ್ತಿರದ ಔಷಧಿ ಅಂಗಡಿಯ ತೂಕದ ಮಷೀನು ಮೊದಲ ಸೋಮವಾರ ಎಪ್ಪತ್ನಾಲ್ಕು ಎಂದಿತು, ಎರಡನೆಯ ಸೋಮವಾರ ಎಪ್ಪತ್ನಾಲ್ಕು, ಮೂರನೆಯದೂ ಅದೇ, ಚಪ್ಪಲಿ ಬಿಚ್ಚಿ ನಿಂತಳು, ಬಳೆ ತೆಗೆದು ನಿಂತಳು, ಮಷೀನಿಗೇ ಬೈದಳು, ಅಂಗಡಿಯವನು ನಕ್ಕ. ಆತು ಬಿಡೇ, ಮುಂದಿನ ವಾರ ಇಳಿಗು ಎಂದಳು ನೀಲಾ ಫೋನಿನಲ್ಲಿ, ದನಿ ಸಣ್ಣದಾಗಿತ್ತು. ನಾಲ್ಕನೆಯ ವಾರ ಮೇಡಂ ಫೋನು — ಅಕ್ಕಾರ, ಪಾತ್ರಿ ತೊಳಿಯೋ ಮುಂಚೆ ಉಳಿದದ್ದು ಏನ್ ಮಾಡ್ತೀರಿ? ಎಂತ ಮಾಡೂದು, ತಿಂತೆ, ಹಾಳು ಮಾಡಲಾಗ್ತಾ. ಅದನ್ನ ಬರಸೀರೇನು? ಅದು ಊಟವಾ ಮೇಡಂ, ನಿಂತು ತಿಂದಿದ್ದು! ಆ ಕಡೆ ಮೇಡಂ ಲೆಕ್ಕ ಕೂಡಿಸತೊಡಗಿದರು. ಬಾಳೆ ಹಾಕಿ ಕೂತು ಉಂಡಿದ್ದು ಊಟ, ಮಾವ ಬಿಟ್ಟ ಅರ್ಧ ದೋಸೆ, ಮಕ್ಕಳ ತಟ್ಟೆಯ ಚಪಾತಿ ತುಂಡು, ಬೋಗುಣಿಯ ತಳದ ಎರಡು ಹಿಡಿ ಅನ್ನ, ತುಪ್ಪದ ಜಿಡ್ಡು ಸವರಿ ಬಾಯಿಗೆ ಹಾಕಿದ್ದು, ಅದು ಊಟ ಅಂತ ಯಾವ ಹೆಂಗಸು ಹೇಳಿಯಾಳು, ಅವಳ ಅತ್ತೆ ಹೇಳಿರಲಿಲ್ಲ, ಅತ್ತೆಯ ಅತ್ತೆ ಹೇಳಿರಲಿಲ್ಲ, ದಿನಕ್ಕೆ ಆರುನೂರು ಕ್ಯಾಲರಿ, ಯಾರೂ ಉಣ್ಣದ ಊಟ. ಆ ಸಂಜೆ ಅಳುತ್ತ ಹೇಳಿದಳು, ತಳದ್ದು ಬರೆಸಿದ್ನಿಲ್ಲೆ ಕೂಸೆ, ನಂಗೆ ಹೊಳದ್ದೇ ಇಲ್ಲೆ. ಹೌದನೇ, ಎಂದಳು ನೀಲಾ, ಅಷ್ಟೇ, ಈಗಷ್ಟೇ ಗೊತ್ತಾದವಳಂತೆ. ಮಾರನೆಯ ದಿನದಿಂದ ಉಳಿದದ್ದೆಲ್ಲ ದನಕ್ಕೆ, ಮಷೀನು ಇಳಿಯತೊಡಗಿತು, ಎಪ್ಪತ್ತೆರಡು, ಎಪ್ಪತ್ತು, ಅರವತ್ತೆಂಟು, ಇನ್ನೆರಡೇ ಕಿಲೋ, ಇನ್ನು ಮೂರೇ ವಾರ ಎನ್ನುವಾಗ ಬೆಳಿಗ್ಗೆ ಸುಜಯನ ಫೋನು ಬಂತು. ಮೂರೇ ವಾರ. ಮೊದಲು ಕಳೆದವೂ ಮೂರೇ ವಾರ. ತಾನೇ ತಿಂದುಬಿಟ್ಟಳು ತಂಗಿಯನ್ನು, ನಿಂತುಕೊಂಡು.

ದೊಡ್ಡಾಯಿ, ಇದು ಆಯಿ ಬರದ್ದು, ನಿಂಗೇ ಇರ್ಲಿ, ಎಂದು ಪಂಕ್ತಿಗೆ ಕೂರುವ ಮುಂಚೆ ಸಂಹಿತಾ ಈ ಪುಸ್ತಕ ಕೊಟ್ಟಳು, ಅದೇ ಮೂಗು, ಅದೇ ಗಲ್ಲ. ಸಿದ್ದಾಪುರದ ತವರುಮನೆಯಲ್ಲಿ ಆಗ ನೀಲಾ ಐದು ವರ್ಷದವಳು, ಇವಳು ಹದಿಮೂರು, ಇಬ್ಬರನ್ನೂ ಹೆತ್ತ ಆಯಿ ಹಾಸಿಗೆ ಹಿಡಿದಿದ್ದಳು, ಅಡುಗೆ ಇವಳದು, ತಂಗಿಯ ತಟ್ಟೆಗೆ ಮೇಲಿನ ಬಿಸಿ ಅನ್ನ ಬಡಿಸುವುದು, ನೀ ಎಂತ ಉಂಬೂದೇ ಅಕ್ಕ, ನಂಗೆ ತಳದ್ದು ಇದ್ದು ಕೂಸೆ, ನೀ ಉಣ್ಣು. ತಟ್ಟೆ ಬಿಟ್ಟು ಎದ್ದು ಬಂದು, ಬೋಗುಣಿಯೊಳಗೆ ಬಗ್ಗಿ ನೋಡುತ್ತಿತ್ತು ಆ ಮಗು, ತಳದಲ್ಲಿ ನಿಜವಾಗಿ ಇದೆಯಾ ಎಂದು. ಎಡಗೈಯಲ್ಲಿ ಪುಸ್ತಕ ಬಿಡಿಸಿದಳು, ಮೊದಲ ದಿನ, ದೋಸೆ ಎರಡು, ಚಟ್ನಿ, ಅನ್ನ, ಒಟ್ಟು ಹದಿನಾಲ್ಕು ನೂರು, ದುಂಡಗಿನ ಅಕ್ಷರ, ಅದರ ಕೆಳಗೆ ಪೆನ್ಸಿಲಿನಲ್ಲಿ ಸಣ್ಣಗೆ — ತಳದ್ದು? ಮರುದಿನ, ಒಟ್ಟು ಹದಿನಾಲ್ಕು ನೂರು, ಕೆಳಗೆ ತಳದ್ದು? ಪುಟ ತಿರುವಿದಳು, ತಳದ್ದು? ತಳದ್ದು? ಇಪ್ಪತ್ತೊಂದು ದಿನ, ಕೊನೆಕೊನೆಗೆ ಗೆರೆ ತಪ್ಪಿದ ಅಕ್ಷರ, ಗೊತ್ತಿತ್ತು ನೀಲಾಳಿಗೆ, ಮೊದಲ ದಿನದಿಂದ ಗೊತ್ತಿತ್ತು, ಒಂದು ಮಾತು ಕೇಳಬಾರದಿತ್ತೇನೇ ನೀಲು, ಜೀವ ನಿನ್ನದು ಹೋಗುತ್ತಿತ್ತಲ್ಲೇ, ಅಕ್ಕನ ಬಾಯಿಯ ತುತ್ತು ಕೇಳಲು ನಾಚಿಕೆಯಾಯಿತೇನೇ — ಅಕ್ಕ, ಎನ್ನುತ್ತಾನೆ ಸುಜಯ, ಪಾತ್ರೆ ಓರೆ ಮಾಡಿ, ತಳದ್ದು ಒಂದು ಹಿಡಿ ಉಳದ್ದು, ನಿಂಗೇ ಹಾಕಿಬಿಡ್ತೆ, ಕರ್ ಕರ್ ಎಂದು ಸಟ್ಟುಗ ಕೆರೆಯುತ್ತದೆ, ಬಾಳೆಯ ಮೇಲೆ ಬೀಳುತ್ತದೆ, ಸ್ವಲ್ಪ ಸೀದ, ಕೆಂಪಾದ, ತಳದ ಅನ್ನ, ಒಂದು ಹಿಡಿ, ತಳದ ಅನ್ನ.