ಅರ್ಖಿಪ್ಪೆಯ ಮೂಗು

ಅರ್ಖಿಪ್ಪೆ ಉಳಿಯುವುದಿಲ್ಲವೆಂದು ವೈದ್ಯ ಕೈಚೆಲ್ಲಿದ ದಿನವೇ ಅವಳ ಮಗ ಥೆಯೋನ್ ನನಗೆ ಸಮಾಧಿಗಲ್ಲು ಕೆತ್ತಲು ಹೇಳಿದ್ದ. ಅಥೆನ್ಸಿನಲ್ಲಿ ನಾವು ಸತ್ತವರನ್ನು ಕುರ್ಚಿಯಲ್ಲಿ ಕೂರಿಸುತ್ತೇವೆ. ಇರುವವರು ಎದುರು ನಿಂತು ಕೈಹಿಡಿದು ಬೀಳ್ಕೊಡುತ್ತಾರೆ. ಹಾಗೇ ಕೆತ್ತಿದೆ: ಕೂತ ಅರ್ಖಿಪ್ಪೆ, ಕೈಹಿಡಿದ ಮಗ, ಅವನ ಹಿಂದೆ ತಲೆ ತಗ್ಗಿಸಿದ ಸೊಸೆ ಮೀಕ. ಹೆಸರು ಕೊರೆಯುವುದೊಂದೇ ಬಾಕಿಯಿತ್ತು.

ಮುದುಕಿ ಸಾಯಲಿಲ್ಲ.

"ಕಲ್ಲು ಬಚ್ಚಿಡು ಮಾರಾಯ," ಎನ್ನುತ್ತ ಥೆಯೋನ್ ಓಡಿಬಂದ. "ಅಮ್ಮ ಇಲ್ಲಿಗೇ ಬರ್ತಿದಾಳೆ. ಹುಷಾರಾಗಿದ್ದಕ್ಕೆ ಆರೋಗ್ಯದೇವಿ ಗುಡಿಗೆ ಹರಕೆಗಲ್ಲು ಕೊಡ್ಬೇಕಂತೆ. ಇದನ್ನ ನೋಡಿದ್ರೆ ಶಾಪ ಹಾಕ್ತಾಳೆ. ತಾಯಿ ಶಾಪ ಕಣೋ!"

ಎದೆಯೆತ್ತರದ ಅಮೃತಶಿಲೆಯನ್ನು ಎಲ್ಲಿ ಬಚ್ಚಿಡಲಿ? ಕಂಬಳಿ ಹೊದಿಸಿದೆ. ಈರುಳ್ಳಿ ಕಡಿಯುತ್ತ ಬಂದ ಮುದುಕಿ ನೇರವಾಗಿ ಹೋಗಿ ಅದನ್ನೇ ಎಳೆದಳು.

"ಈ ಮೂಗು ನಂದು."

ಮಗನ ಕಡೆ ತಿರುಗಿದಳು.

"ಕುರ್ಚೀಲಿ ಕೂರಿಸೇಬಿಟ್ಯೇನೋ? ಅಷ್ಟು ಅವಸರಾನ? ಈ ಅಳುಮುಖದೋಳು ಯಾರು, ಮೀಕಾನ? ಇವಳು ನನಗೋಸ್ಕರ ಯಾವಾಗ ಅತ್ತಿದ್ಲು?"

"ಅತ್ತಿದೀನಿ ಅತ್ತೆ," ಎಂದಳು ಹಿಂದೆಯೇ ಬಂದ ಮೀಕ. "ನೀವು ಹುಷಾರಾದ ದಿನ."

ಮುದುಕಿ ಕೆಮ್ಮು ಬರುವಷ್ಟು ನಕ್ಕಳು. ಅದೇ ಸಮಯವೆಂದು ನಾನು ಬಾಯಿಬಿಟ್ಟೆ.

"ಅಮ್ಮಾ, ದೇವೀನೂ ಕುರ್ಚೀಲೇ ಕೂರ್ತಾಳೆ. ಕುರ್ಚಿ ಕೆಳಗಿರೋ ಕಲ್ಲಲ್ಲಿ ಅವಳ ಹಾವು ಕೆತ್ತುತೀನಿ. ಹಿಡಿದ ಕೈಗಳನ್ನ ಕೊರೆದು, ಅವಳು ಹಾವಿಗೆ ಉಣಿಸೋ ಬಟ್ಟಲು ಮಾಡ್ತೀನಿ. ಇವರಿಬ್ಬರು ಭಕ್ತರಾಗ್ತಾರೆ."

"ಭಕ್ತರು ದೇವಿಯಷ್ಟೇ ದೊಡ್ಡೋರಾಗಿರ್ತಾರೇನಯ್ಯ?"

"ಕಲ್ಲು ಬೆಳೆಸೋಕಾಗಲ್ಲ. ಇವರನ್ನೇ ಕುಗ್ಗಿಸ್ತೀನಿ."

"ಕುಗ್ಗಿಸು. ಮಗನ್ನ ಇನ್ನೂ ಸ್ವಲ್ಪ. ಮೂಗಿಗೆ ಉಳಿ ತಾಗಿಸಿದ್ಯೋ, ನೋಡ್ಕೋ!"

ತಾಗಿಸಲಿಲ್ಲ. ಕಲ್ಲಿನ ಕೆಳಗೆ 'ಅರ್ಖಿಪ್ಪೆ ಅರ್ಪಿಸಿದ್ದು' ಎಂದು ಕೊರೆದು, ದೇವಿಯ ಉಡುಪಿಗೆ ನೀಲಿ ಬಳಿದೆ. ಗುಡಿಯಲ್ಲಿ ನಿಲ್ಲಿಸಿದ ದಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಅದರ ಮುಂದೆ ಬಲಗೈ ಎತ್ತಿ ಬೇಡಿಕೊಂಡರು. ಅರ್ಖಿಪ್ಪೆ ಈರುಳ್ಳಿ ಕಡಿಯುತ್ತ ಪಕ್ಕದಲ್ಲೇ ನಿಂತು, ಬಂದವರಿಗೆಲ್ಲ ಮೂಗು ಕಾಣುವಂತೆ ಮುಖವನ್ನು ಓರೆಯಾಗಿ ತಿರುಗಿಸಿಕೊಂಡಿದ್ದಳು. ಶಾಪ ಹಾಕಲಿಲ್ಲ. ಮಗನನ್ನು ದೇವಿಯ ಮೊಣಕಾಲಿನ ಮಟ್ಟಕ್ಕೆ ಇಳಿಸಿದ್ದೇ ಸಾಕಂತೆ.

"ನೋಡೇ ಮೀಕ, ನನ್ನ ಮುಂದೆ ಎಷ್ಟು ಚೆನ್ನಾಗಿ ತಲೆ ತಗ್ಗಿಸಿದೀಯ!"

"ಕಲ್ಲಲ್ಲಿ ಮಾತ್ರ ಅತ್ತೆ," ಎಂದ ಮೀಕ ಅವಳ ಕೈಗೆ ಇನ್ನೊಂದು ಈರುಳ್ಳಿ ಇಟ್ಟಳು.